ಹೂವಿನ ಗಂಟಲಿನ ಕಪ್ಪು

ತಪ್ಪಾಗಿದೆ ಎನ್ನುವುದು ನೀರು ತಣ್ಣಗಾಗುವ ಮೊದಲೇ ಲುದ್ಮಿಲಾಗೆ ಗೊತ್ತಾಗಿತ್ತು. ಆದರೂ ಗೊತ್ತಾಗದವಳಂತೆ ಇನ್ನೂ ಐದು ನಿಮಿಷ ಸಿಂಕಿನ ಮುಂದೆ ನಿಂತೇ ಇದ್ದಳು. ಅಲ್ಯೂಮಿನಿಯಂ ತಟ್ಟೆಯ ತಳದಲ್ಲಿ ಹನ್ನೆರಡು ಸೂಪಿನ ಚಮಚಗಳು, ಒಂದು ದೊಡ್ಡ ಸೌಟು. ಅವುಗಳ ಮೇಲೆ ಸೋಡಾ ಹಾಕಿದ ಕುದಿನೀರು. ನೀರಿನಿಂದ ಏಳುತ್ತಿದ್ದ ಒಂದು ಕೊಳೆತ ವಾಸನೆ. ರೇಡಿಯೋದ ಹೆಂಗಸು ಸುಳ್ಳು ಹೇಳಿರಲಿಲ್ಲ. ಉಜ್ಜಬೇಕಾಗಿಲ್ಲ, ಬೆರಳು ಕೊಳೆ ಮಾಡಿಕೊಳ್ಳಬೇಕಾಗಿಲ್ಲ, ಬೆಳ್ಳಿಯ ಕಪ್ಪು ತಾನಾಗಿಯೇ ಬಿಟ್ಟುಹೋಗುತ್ತದೆ ಎಂದಿದ್ದಳು. ಬಿಟ್ಟುಹೋಗಿತ್ತು. ಚಮಚಗಳು ಸ್ವಚ್ಛವಾಗಿದ್ದವು, ಭಯ ಹುಟ್ಟಿಸುವಷ್ಟು ಸ್ವಚ್ಛವಾಗಿದ್ದವು. ಹಿಡಿಯ ಉದ್ದಕ್ಕೂ ಉಬ್ಬಿಸಿ ಕೆತ್ತಿದ್ದ ಗುಲಾಬಿಗಳು ನಿನ್ನೆ ಸಂಜೆ ಪೆಟ್ಟಿಗೆ ತೆರೆದಾಗ ಬೆರಳಿಗೆ ಚುಚ್ಚುವಂತೆ ಎದ್ದು ನಿಂತಿದ್ದವು. ಎಸಳು ಎಸಳಿನ ನಡುವೆ, ಹೂವಿನ ಗಂಟಲಿನ ಆಳದಲ್ಲಿ, ಇಷ್ಟಿಷ್ಟೇ ಕಪ್ಪು ಕೂತಿತ್ತು. ಈಗ ಆ ಕಪ್ಪು ಇಲ್ಲ. ಹೂವುಗಳೂ ಇಲ್ಲ. ಹಿಟ್ಟಿನ ಮುದ್ದೆಯ ಮೇಲೆ ಯಾರೋ ಬೆರಳೊತ್ತಿದ ಹಾಗೆ ಬಿಳಿಚಿಕೊಂಡ ಒಂದಷ್ಟು ಗಂಟುಗಳು. ಪಕ್ಕದ ಟವೆಲಿನ ಮೇಲೆ, ಇನ್ನೂ ನೀರಿಗೆ ಬೀಳದ ಫೋರ್ಕುಗಳು ತಮ್ಮ ನೆರಳನ್ನೆಲ್ಲ ಉಳಿಸಿಕೊಂಡು ಅವಳನ್ನೇ ನೋಡುತ್ತಿದ್ದವು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಕುರುಡರಿಗೂ ಕಾಣಿಸುತ್ತದೆ. ಬರಲಿರುವವರು ಕುರುಡರಾಗಿರಲಿಲ್ಲ.

ಗೋಡೆಯ ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು. ಊಟ ಒಂದು ಗಂಟೆಗೆ. ಹಾರ್ವುಡ್ ಮನೆತನದ ಹೆಂಗಸರೂ ಅವರ ಗೆಳತಿಯರೂ ತಿಂಗಳಿಗೊಂದು ಗುರುವಾರ ಒಬ್ಬೊಬ್ಬರ ಮನೆಯಲ್ಲಿ ಕೂತು ಉಣ್ಣುತ್ತಿದ್ದರು. ಮದುವೆಯಾಗಿ ಆರು ವರ್ಷ ಅವಳು ಬೇರೆಯವರ ಮೇಜಿನ ತುದಿಯಲ್ಲಿ ಕೂತು ಉಂಡು ಬಂದಿದ್ದಳು. ಈ ಗುರುವಾರ ಮೊದಲ ಬಾರಿಗೆ ಅವಳ ಮನೆ. ನಿನ್ನೆ ಸಂಜೆ ಅತ್ತೆ ಅಗಸ್ಟಾ ಹಾರ್ವುಡ್ ತಾನೇ ಕಾರಿನಲ್ಲಿ ಬಂದು ಬೆಳ್ಳಿಯ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಇಡಿಸಿದ್ದಳು. ಆ ಪೆಟ್ಟಿಗೆ ಹಿರಿಯ ಮಗನ ಹೆಂಡತಿಗೆ ಹೋಗಬೇಕಾದದ್ದು, ನಾಲ್ಕು ತಲೆಮಾರಿನಿಂದ ಹಾಗೇ ಹೋಗುತ್ತ ಬಂದದ್ದು. "ಊಟಕ್ಕೆ ಇದನ್ನೇ ಇಡು ಲುದ್ಮಿಲಾ. ಊಟ ಆದ್ಮೇಲೆ ಪೆಟ್ಟಿಗೆ ಇಲ್ಲೇ ಇರಬೇಕಾ ಬೇಡವಾ, ನೋಡೋಣ" ಎಂದಿದ್ದಳು. ಜೊತೆಗೆ ಬಂದಿದ್ದ ನಾದಿನಿ ಫಿಲಿಪಾ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಳ್ಳುತ್ತ, "ಕಷ್ಟ ಅನ್ಸಿದ್ರೆ ಫೋನ್ ಮಾಡು, ನನ್ನ ಕೆಲಸದವಳನ್ನ ಕಳಿಸ್ತೀನಿ. ಇಂಥ ಸಾಮಾನು ಮುಟ್ಟಿ ಅಭ್ಯಾಸ ಇಲ್ದೋರಿಗೆ ಸ್ವಲ್ಪ ಭಯವಾಗುತ್ತೆ, ಪಾಪ" ಎಂದಿದ್ದಳು. ಲುದ್ಮಿಲಾ ನಕ್ಕಿದ್ದಳು. ಆರು ವರ್ಷದಿಂದ ಅವಳು ಹಾಗೆ ನಗುತ್ತಲೇ ಇದ್ದಳು. ಅತ್ತೆಯನ್ನು ಏನೆಂದು ಕರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಏನೂ ಕರೆಯದೆ, ಎದುರು ಬಂದು ನಿಂತು, ಅವಳು ತನ್ನ ಕಡೆ ನೋಡುವವರೆಗೆ ಕಾದು ಮಾತಾಡುವುದು ರೂಢಿಯಾಗಿಹೋಗಿತ್ತು. ಬೆಳಿಗ್ಗೆ ಗಂಡ ಟಿಲ್ಡನ್ ಅವಳ ಮುಖ ನೋಡಿ, "ಚಮಚ ತಾನೇ ಲೀದಾ, ಬಿಡು" ಎಂದು ಕೆನ್ನೆ ತಟ್ಟಿ ಕಚೇರಿಗೆ ಹೋಗಿದ್ದ. ಹುಟ್ಟಿದಾಗಿನಿಂದ ಬಾಯಿಗೆ ಬೆಳ್ಳಿ ಚಮಚವೇ ಬಂದವನು ಮಾತ್ರ ಹಾಗೆ ಹೇಳಬಲ್ಲ.

ಉಜ್ಜಿದ್ದರೆ ಹೀಗಾಗುತ್ತಿರಲಿಲ್ಲ. ಉಜ್ಜುವುದು ಅವಳಿಗೆ ಗೊತ್ತಿರಲಿಲ್ಲವೆಂದೂ ಅಲ್ಲ. ಒದ್ದೆ ಮಾಡಿದ ಚಾಕ್ ಪುಡಿ, ಹಳೆಯ ಬನಿಯನ್ನಿನ ತುಂಡು, ದುಂಡಗೆ ತಿರುಗಿಸದೆ ಉದ್ದಕ್ಕೆ ಎಳೆಯಬೇಕು, ಹೂವಿನ ಮೇಲೆ ಬಂದಾಗ ಕೈ ಹಗುರ ಮಾಡಬೇಕು. ಅದೆಲ್ಲ ಅವಳ ತೋಳಿನ ಒಳಗೆಲ್ಲೋ ಇತ್ತು. ಇದ್ದುದರಿಂದಲೇ ಅವಳು ರೇಡಿಯೋದ ಹೆಂಗಸಿನ ಮಾತು ಕೇಳಿದಳು. ಮೂರನೆಯ ತರಗತಿಯಲ್ಲಿ ಶಾಲೆಯ ಗೇಟಿನ ಹೊರಗೆ ಅಮ್ಮ ಬಂದು ನಿಂತಿರುತ್ತಿದ್ದಳು, ಕ್ಯಾಥೆಡ್ರಲ್ ಬೀದಿಯ ದೊಡ್ಡ ಮನೆಯಲ್ಲಿ ಕೆಲಸ ಮುಗಿಸಿ ನೇರವಾಗಿ. ಹತ್ತೂ ಬೆರಳಿನ ತುದಿ ಕಪ್ಪು. ಎಷ್ಟು ಸೋಪು ಹಾಕಿದರೂ ಉಗುರಿನ ಅಂಚಿನಲ್ಲಿ ಉಳಿದುಬಿಡುವ ಕಪ್ಪು. ನಿಮ್ಮಮ್ಮನ ಕೈಗೆ ಏನಾಗಿದೆ ಎಂದು ಜೊತೆಯ ಹುಡುಗಿ ಕೇಳಿದ್ದಳು. ಅಚ್ಚಿನ ಮನೇಲಿ ಕೆಲಸ, ಪತ್ರಿಕೆ ಅಚ್ಚು ಹಾಕ್ತಾಳೆ ಎಂದು ಲುದ್ಮಿಲಾ ಹೇಳಿದ್ದಳು. ಅಮ್ಮ ಎರಡು ಹೆಜ್ಜೆ ದೂರದಲ್ಲಿದ್ದಳು. ಕೇಳಿಸಿತ್ತೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅವಳು ಅಮ್ಮನ ಮುಖವನ್ನೇ ಕದ್ದು ನೋಡಿದ್ದಳು. ಮಾರನೆಯ ದಿನದಿಂದ ಅಮ್ಮ ಗೇಟಿಗೆ ಬರುವಾಗ ಕೈಗವಸು ಹಾಕಿಕೊಂಡು ಬಂದಳು, ಜೂನ್ ತಿಂಗಳ ಬಿಸಿಲಿನಲ್ಲಿ. ಆ ಕುರಿತು ಇಬ್ಬರೂ ಇಂದಿಗೂ ಒಂದು ಮಾತೂ ಆಡಿಲ್ಲ. ಹಾರ್ವುಡ್ ಮನೆಯವರಿಗೆ ಅವಳು ಹೇಳಿರುವುದು ಇನ್ನೂ ಚೊಕ್ಕ: ಅಮ್ಮನಿಗೆ ಮೈ ಸರಿಯಿಲ್ಲ, ಹೊರಗೆ ಹೆಚ್ಚು ಓಡಾಡುವುದಿಲ್ಲ.

ಫೋನು ಏಳು ಸಲ ಬಾರಿಸಿದ ಮೇಲೆ ಮೈ ಸರಿಯಿಲ್ಲದ ಅಮ್ಮ ಏದುಸಿರು ಬಿಡುತ್ತ ಎತ್ತಿಕೊಂಡಳು.

"ಯಾರು? ಮನೆ ಮುಂದಿನ ಮೆಟ್ಟಿಲು ತೊಳೀತಿದ್ದೆ. ಅರ್ಧ ಆಗಿದೆ, ಬೇಗ ಹೇಳಿ."

"ನಾನಮ್ಮ."

"ಲೀದಾ? ಈ ಹೊತ್ತಲ್ಲಿ? ಯಾರಾದ್ರೂ ಸತ್ರಾ?"

"ಇಲ್ಲಮ್ಮ. ಬೆಳ್ಳಿ ಚಮಚ... ಸೋಡಾ ನೀರಿಗೆ ಹಾಕ್ದೆ. ಅಲ್ಯೂಮಿನಿಯಂ ತಟ್ಟೇಲಿ."

ಆ ಕಡೆಯ ಬೀದಿಯಲ್ಲಿ ಏಡಿ ಮಾರುವವನ ಕೂಗು ಫೋನಿನೊಳಗಿಂದ ಸಣ್ಣಗೆ ಬಂತು.

"ಹೂವಿರೋದಾ?" ಎಂದಳು ಅಮ್ಮ.

"ಹೂಂ."

"ಅಯ್ಯೋ ನನ್ನ ಕತ್ತೆ! ಹೂವಿರೋದನ್ನ ಯಾರಾದ್ರೂ ಮುಳುಗಿಸ್ತಾರಾ? ಆ ಕಪ್ಪು ಕೊಳೆ ಅಲ್ಲ ಕಣೇ. ಮಾಡಿದೋನೇ ಬೇಕು ಅಂತ ಇಟ್ಟಿರ್ತಾನೆ. ಹೆಂಗಸರು ಕಣ್ಣಿಗೆ ಹಚ್ಕೊಳ್ಳಲ್ವಾ, ಹಾಗೆ."

"ಗೊತ್ತು. ಈಗ ಗೊತ್ತಾಯ್ತು. ವಾಪಸ್ ತರೋದು ಹೇಗೆ ಹೇಳು."

"ನನ್ನ ಕೇಳ್ತೀಯಾ? ಹತ್ತೊಂಬತ್ತು ವರ್ಷ ಕಪ್ಪು ಓಡಿಸೋಕೆ ಸಂಬಳ ತಗೊಂಡಿದೀನಿ. ಕರ್ಕೊಂಡು ಬಾ ಅಂತ ಯಾರೂ ಹೇಳಿರ್ಲಿಲ್ಲ." ಅಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಳ್ತಿದೀಯಾ?" ಎಂದಳು.

"ಇಲ್ಲ."

"ಅಳು ಪರವಾಗಿಲ್ಲ, ಉಪ್ಪುನೀರು ಚಮಚದ ಮೇಲೆ ಬೀಳದಿದ್ರೆ ಸಾಕು. ಆ ಮನೇಲಿ ಒಂದು ಕಪ್ಪು ಮಾತ್ರ ನನ್ನ ಪ್ರಾಣ ತಿಂದಿತ್ತು. ಯಜಮಾನರು ಮೊಟ್ಟೆ ತಿನ್ನೋಕೆ ದಂತದ ಚಮಚ ಇಟ್ಟಿದ್ರೆ ಅದು ಬಿಟ್ಟು ಬೆಳ್ಳಿದೇ ಎತ್ಕೊಳ್ಳೋರು, ಮಾತು ಕೇಳ್ತಿರ್ಲಿಲ್ಲ. ತಟ್ಟೆ ಎತ್ತೋಷ್ಟರಲ್ಲಿ ಚಮಚ ಕಂದು. ಮಧ್ಯಾಹ್ನದ ಹೊತ್ತಿಗೆ ಕಡುಗಪ್ಪು..."

ಲುದ್ಮಿಲಾ ಫೋನು ಹಿಡಿದೇ ಮೊಟ್ಟೆಯ ಬುಟ್ಟಿಯ ಕಡೆ ತಿರುಗಿದಳು.

"ಮೊಟ್ಟೆ ಇದೆಯಾ ಮನೇಲಿ?" ಎಂದಳು ಅಮ್ಮ, ಗುಟ್ಟು ಹೇಳುವವಳಂತೆ ದನಿ ತಗ್ಗಿಸಿ.

ಮನೆಯಲ್ಲಿ ಎರಡು ಡಜನ್ ಮೊಟ್ಟೆಗಳಿದ್ದವು. ಬೇಯಿಸಿ, ಅರ್ಧ ಸೀಳಿ, ಹಳದಿಗೆ ಸಾಸಿವೆ ಕಲಸಿ ಮತ್ತೆ ತುಂಬಿ ಊಟಕ್ಕೆ ಮೊದಲು ಕೊಡಬೇಕೆಂದು ಅಗಸ್ಟಾ ತನ್ನ ಕೈಯಾರೆ ಬರೆದು ಕಳಿಸಿದ್ದ ಪಟ್ಟಿಯಲ್ಲಿ ಮೊದಲ ಸಾಲೇ ಅದು. ಅದರ ಕೆಳಗೆ ಗೆರೆ ಎಳೆದು, ಮೊಟ್ಟೆಗೆ ಬೆಳ್ಳಿ ಮುಟ್ಟಿಸಕೂಡದು ಎಂದೂ ಬರೆದಿದ್ದಳು. ಲುದ್ಮಿಲಾ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಕೆಂದೇ ಹೆಚ್ಚು ಹೊತ್ತು ಬೇಯಿಸಿದಳು. ಬಿಸಿ ಆರುವ ಮೊದಲೇ ಬೆರಳು ಸುಡಿಸಿಕೊಳ್ಳುತ್ತ ಸಿಪ್ಪೆ ತೆಗೆದು, ಸೀಳಿ, ಬ್ರೆಡ್ಡಿನ ದೊಡ್ಡ ಡಬ್ಬಿಯ ತಳದಲ್ಲಿ ಹರಡಿ, ಮೇಲೆ ಜಾಲರಿ ಇಟ್ಟು, ಜಾಲರಿಯ ಮೇಲೆ ಹನ್ನೆರಡು ಚಮಚ ಮತ್ತು ಸೌಟನ್ನು ಮಲಗಿಸಿ ಮುಚ್ಚಳ ಬಿಗಿದಳು. ಆಮೇಲೆ ಮಾಡುವುದೇನೂ ಇರಲಿಲ್ಲ. ಡಬ್ಬಿಯ ಎದುರು ಸ್ಟೂಲು ಹಾಕಿಕೊಂಡು ಕೂತಳು. ಒಳಗೆ ಏನು ನಡೆಯುತ್ತಿದೆಯೋ ಕಾಣುತ್ತಿರಲಿಲ್ಲ. ಬಾಲ್ಟಿಮೋರಿನ ಬೆಟ್ಟದ ಮೇಲಿನ ಈ ಮನೆಯಲ್ಲಿ, ಬೆಳಗಿನ ಬೆಳಕಿನಲ್ಲಿ, ಬೆಳ್ಳಿಯನ್ನು ಕೆಡಿಸಲೆಂದೇ ಡಬ್ಬಿ ಕಾಯುತ್ತ ಕೂತ ಹೆಂಗಸು ಭೂಮಿಯ ಮೇಲೆ ತಾನೊಬ್ಬಳೇ ಇರಬೇಕು ಅನ್ನಿಸಿ ನಗು ಬಂತು. ಮೂರನೆಯ ತರಗತಿಯ ಆ ಹುಡುಗಿಯ ಹೆಸರೇ ನೆನಪಿಲ್ಲ. ಯಾರ ಮುಂದೆ ಮಾನ ಉಳಿಸಿಕೊಳ್ಳಲು ಅಮ್ಮನನ್ನು ಅಚ್ಚಿನ ಮನೆಗೆ ಕಳಿಸಿದ್ದಳೋ ಅವಳ ಮುಖವೂ ಹೋಗಿದೆ. ಉಳಿದಿರುವುದು ಕೈಗವಸು ಮಾತ್ರ, ಬೂದು ಬಣ್ಣದ್ದು, ಹೆಬ್ಬೆರಳಿನ ಹತ್ತಿರ ಹೊಲಿಗೆ ಬಿಟ್ಟದ್ದು.

ಮುಕ್ಕಾಲು ಗಂಟೆ ಕಳೆದ ಮೇಲೆ ಮುಚ್ಚಳ ತೆಗೆದಳು. ಮೂಗು ಮುಚ್ಚುವಂಥ ವಾಸನೆಯ ನಡುವೆ ಚಮಚಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಮತ್ತೆ ಮುಚ್ಚಿದಳು. ಹತ್ತೂಮುಕ್ಕಾಲಿಗೆ ತೆಗೆದಾಗ ಕಂದು ದಾಟಿ ನೀಲಿಗಪ್ಪು. ಮಸಿ ಬಳಿದ ಹಾಗೆ, ಹೂವೂ ಎಲೆಯೂ ಬಟ್ಟಲೂ ಒಂದೇ ಸಮ. ಈಗ ನಿಜಕ್ಕೂ ಹಾಳಾಗಿದ್ದವು. ಇಷ್ಟು ಹಾಳು ಮಾಡಲು ತನಗೆ ಧೈರ್ಯ ಎಲ್ಲಿಂದ ಬಂತೆಂದು ಅವಳಿಗೆ ಆಶ್ಚರ್ಯವಾಯಿತು. ಚಾಕ್ ಪುಡಿಗೆ ನೀರು ಹನಿಸಿ, ಟಿಲ್ಡನ್ನನ ಬನಿಯನ್ನೊಂದನ್ನು ಹರಿದು, ಮೊದಲ ಚಮಚ ಎತ್ತಿಕೊಂಡಳು. ಬಟ್ಟೆ ಸರಿಹೋಗಲಿಲ್ಲ. ಅದು ಹೂವಿನ ಗುಂಡಿಗೂ ಇಳಿದು ಅಲ್ಲಿನ ಕಪ್ಪನ್ನೂ ಒರೆಸುತ್ತಿತ್ತು. ಬಟ್ಟೆ ಎಸೆದು ಬರಿ ಹೆಬ್ಬೆರಳಿಗೆ ಪುಡಿ ಹಚ್ಚಿಕೊಂಡು ಎಸಳಿನ ನೆತ್ತಿಯ ಮೇಲೆ ಮಾತ್ರ ಎಳೆದಳು, ಹಗುರವಾಗಿ, ಉದ್ದಕ್ಕೆ. ಒಂದು ಎಸಳು ಕತ್ತಲೆಯಿಂದ ಮೇಲೆದ್ದಿತು. ಅದರ ಪಕ್ಕದ್ದು. ಅದರ ಕೆಳಗಿನದು. ತೋಳಿನೊಳಗೆ ಮಲಗಿದ್ದ ಯಾವುದೋ ಲಯ ಎದ್ದು ಕೂತು ತಾನೇ ಕೆಲಸ ಮಾಡತೊಡಗಿತು; ಅವಳು ಬರೀ ನೋಡುತ್ತಿದ್ದಳು. ಗುಲಾಬಿ ಪೂರ್ತಿ ಬಿಚ್ಚಿಕೊಂಡಾಗ ಅದು ನಿನ್ನೆ ಸಂಜೆಯ ಗುಲಾಬಿಗಿಂತ ಆಳವಾಗಿತ್ತು. ಗಂಟಲಿನ ಕಪ್ಪು ಹೊಸದು, ಅವಳೇ ಕೊಟ್ಟದ್ದು.

"ಹೆಬ್ಬೆರಳು ಚಪ್ಪಟೆ ಇಡು. ಉಗುರು ತಾಗುತ್ತೆ."

ಹಿತ್ತಲ ಬಾಗಿಲಲ್ಲಿ ಅಮ್ಮ, ಬೋಜೆನಾ ಹ್ರುಷ್ಕಾ, ನಿಂತಿದ್ದಳು. ತಲೆಗೆ ಪಿನ್ನು ಚುಚ್ಚಿದ ಟೋಪಿ, ಕೈಯಲ್ಲಿ ಮೆತ್ತನೆಯ ತೊಗಲಿನ ತುಂಡುಗಳನ್ನು ತುಂಬಿದ ಚೀಲ.

"ಮೆಟ್ಟಿಲು?" ಎಂದಳು ಲುದ್ಮಿಲಾ.

"ಅರ್ಧಕ್ಕೆ ಬಿಟ್ಟು ಬಂದೆ. ಇಡೀ ಬೀದಿ ಮಾತಾಡ್ತಿರುತ್ತೆ ಈಗ. ಅಬ್ಬಾ, ಏನೇ ಈ ವಾಸನೆ! ಗಂಡನ ಮನೆಯವರಿಗೆ ಇದನ್ನೇ ಬಡಿಸ್ತೀಯಾ?"

"ಬಡಿಸೋ ಮೊಟ್ಟೇನೂ ಇವೇ."

ಅಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿ, ಒಂದು ಚೂರು ಹಳದಿ ಬಾಯಿಗೆ ಹಾಕಿಕೊಂಡು ಚಪ್ಪರಿಸಿ, "ಸಾಸಿವೆ ಸ್ವಲ್ಪ ಜಾಸ್ತಿ ಹಾಕು" ಎಂದಳು. ಮುಗಿದ ಚಮಚವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು, ಒಂದು ಸಲ, ಎರಡು ಸಲ. ಟವೆಲಿನ ಮೇಲೆ ಮಗುವನ್ನು ಮಲಗಿಸುವಂತೆ ಮಲಗಿಸಿ, ಕೋಟಿನ ತೋಳು ಮೇಲಕ್ಕೆ ಸರಿಸಿಕೊಂಡು, ಸೌಟನ್ನು ತನ್ನ ಕಡೆ ಎಳೆದುಕೊಂಡಳು. ಒಂದು ಗಂಟೆ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಜ್ಜಿದರು. ಕೊನೆಯಲ್ಲಿ ಅಮ್ಮ ಕೈ ತೊಳೆಯುತ್ತ, "ಒಂದೂ ಹತ್ತಕ್ಕೆ ಬಸ್ಸಿದೆ. ಹಿಂದಿನ ಬಾಗಿಲಿಂದ ಹೋಗ್ಬಿಡ್ತೀನಿ" ಎಂದಳು, ಹೊರಗೆ ಮೋಡ ಇದೆ ಎನ್ನುವಷ್ಟು ಸಹಜವಾಗಿ. "ಆಯ್ತಮ್ಮ" ಎಂದಳು ಲುದ್ಮಿಲಾ. ಅಂದ ಮೇಲೆಯೇ ತಾನು ಏನಕ್ಕೆ ಒಪ್ಪಿದೆನೆಂದು ಅವಳಿಗೆ ಕೇಳಿಸಿತು.

ಬಟ್ಟೆ ಬದಲಿಸಿಕೊಂಡು ಕೆಳಗೆ ಬರುವಷ್ಟರಲ್ಲಿ ಕಾರುಗಳು ಬಂದವು. ಅಗಸ್ಟಾ, ಫಿಲಿಪಾ, ಎಲ್ಲರಿಗಿಂತ ಹಿರಿಯಳೂ ಅರ್ಧ ಕಿವುಡಿಯೂ ಆದ ಮಿಸೆಸ್ ಪೆಲ್ಹಮ್, ಇನ್ನಿಬ್ಬರು ಗೆಳತಿಯರು. ಅಗಸ್ಟಾ ತನಗೆ ಮೊದಲೇ ಕೊಟ್ಟಿದ್ದ ಕೆನೆಯ ಹೂಜಿಯನ್ನು ಫಿಲಿಪಾ ತಂದಿದ್ದಳು. ಅದೂ ಅದೇ ಗುಲಾಬಿಯದು. ಕನ್ನಡಿಯಂತೆ ಫಳಫಳ ಎನ್ನುತ್ತಿದ್ದ ಅದನ್ನು ಮೇಜಿನ ನಟ್ಟನಡುವೆ ಇಟ್ಟು, "ಜೊತೆಗಿರ್ಲಿ ಅಂತ ತಂದೆ" ಎಂದಳು. ಮಿಸೆಸ್ ಪೆಲ್ಹಮ್ ಮೂರು ಮೊಟ್ಟೆ ತಿಂದು ನಾಲ್ಕನೆಯದನ್ನು ಕೇಳಿದಳು. ಎಲ್ಲರೂ ಮೇಜಿಗೆ ಕೂತ ಮೇಲೆ ಅಗಸ್ಟಾ ತನ್ನ ಚಮಚ ಎತ್ತಿದಳು. ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿನ ಹತ್ತಿರಕ್ಕೆ ತಂದು, ಹಿಡಿಯ ತುದಿಯಿಂದ ಬಟ್ಟಲಿನವರೆಗೆ ಹೆಬ್ಬೆರಳು ಎಳೆದಳು. ಲುದ್ಮಿಲಾಗೆ ತನ್ನ ಬೆನ್ನಮೂಳೆಯ ಮೇಲೇ ಆ ಹೆಬ್ಬೆರಳು ಹರಿದಂತಾಯಿತು. ಅಡುಗೆಮನೆಯಲ್ಲಿ ಹಿತ್ತಲ ಬಾಗಿಲಿನ ಚಿಲಕ ಸಣ್ಣಗೆ ಸದ್ದು ಮಾಡಿತು.

"ನಮ್ಮ ಅತ್ತೆಯ ಕಾಲದಲ್ಲಿ ಇವು ಹೀಗಿದ್ವು. ಆಮೇಲೆ ನಾನು ನೋಡಿಲ್ಲ. ಯಾರ ಕೈಲಿ ಮಾಡಿಸಿದೆ ಲುದ್ಮಿಲಾ?"

"ಅಂಗಡಿ ವಿಳಾಸ ನನಗೂ ಕೊಡು" ಎಂದಳು ಫಿಲಿಪಾ. "ಮನೇಲಿ ಮಾಡಿದ್ದಲ್ಲ ಅನ್ನೋದು ಗೊತ್ತಾಗುತ್ತೆ."

ನಾನೇ ಮಾಡಿದೆ ಎಂದರೆ ಸಾಕಾಗಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಪೆಟ್ಟಿಗೆ ಇಲ್ಲೇ ಉಳಿಯುತ್ತಿತ್ತು, ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು, ಬಸ್ಸು ಹೊರಡುತ್ತಿತ್ತು. ಆ ಒಂದು ಕ್ಷಣದಲ್ಲಿ ಎಲ್ಲವೂ ಎಷ್ಟು ಸಲೀಸಾಗಿ ನಡೆದುಹೋಗಬಹುದೆಂದು ಅವಳಿಗೆ ಸ್ಪಷ್ಟವಾಗಿ ಕಂಡಿತು, ಮೆಟ್ಟಿಲಿಳಿದು ಹೋಗುವ ಬೆನ್ನು, ಟೋಪಿಯ ಪಿನ್ನು, ಚೀಲ. ಅವಳ ಕುರ್ಚಿ ಹಿಂದಕ್ಕೆ ಜರುಗಿದ ಸದ್ದಿಗೆ ಅವಳೇ ಬೆಚ್ಚಿದಳು.

"ಬೆಳಿಗ್ಗೆ ಎಂಟು ಗಂಟೆಗೆ ಇವನ್ನ ನಾನು ಹಾಳು ಮಾಡಿದ್ದೆ" ಎಂದಳು. "ಸೋಡಾ ನೀರಿಗೆ ಹಾಕಿ. ಹೂವಿನೊಳಗಿನ ಕಪ್ಪೆಲ್ಲ ಹೋಗಿತ್ತು."

"ನಾನು ಹೇಳ್ಲಿಲ್ವಾ?" ಎಂದು ಫಿಲಿಪಾ ಅಗಸ್ಟಾಳ ಕಡೆ ತಿರುಗಿದಳು.

"ಆಮೇಲೆ ನಾನೂ ನಮ್ಮಮ್ಮನೂ ಸೇರಿ ಸರಿ ಮಾಡಿದ್ವಿ. ನಮ್ಮಮ್ಮ ಕ್ಯಾಥೆಡ್ರಲ್ ಬೀದೀಲಿ ಒಂದು ಮನೇಲಿ ಹತ್ತೊಂಬತ್ತು ವರ್ಷ ಬೆಳ್ಳಿ ಉಜ್ಜಿದಾರೆ. ಮೈ ಸರಿಯಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ಅವರಿಗೆ ಒಂದು ನೆಗಡೀನೂ ಬರಲ್ಲ. ಒಂದು ನಿಮಿಷ, ಕರೀತೀನಿ."

ಅಡುಗೆಮನೆಯಲ್ಲಿ ಅಮ್ಮ ಅರ್ಧ ತೆರೆದ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದಳು. ಎಲ್ಲ ಕೇಳಿಸಿತ್ತು. ಎರಡು ಹೆಜ್ಜೆಯ ದೂರ.

"ಹುಚ್ಚು ಹಿಡೀತಾ ನಿನಗೆ?" ಎಂದು ಪಿಸುಗುಟ್ಟಿದಳು.

"ಬಾ."

"ಕೋಟಿನಲ್ಲಿದೀನಿ ಕಣೇ."

"ಕೋಟಿನಲ್ಲೇ ಬಾ."

ಲುದ್ಮಿಲಾ ತನ್ನ ಪಕ್ಕಕ್ಕೆ ಏಳನೆಯ ಕುರ್ಚಿ ಎಳೆದಳು, ಏಳನೆಯ ತಟ್ಟೆ ಇಟ್ಟಳು. ಪೆಟ್ಟಿಗೆಯಲ್ಲಿ ಚಮಚಗಳಿಗೇನೂ ಕೊರತೆಯಿರಲಿಲ್ಲ. ಬೋಜೆನಾ ಟೋಪಿ ಕೋಟು ಸಮೇತ ಕೂತಳು, ಬಸ್ಸಿನಲ್ಲಿ ಕೂತ ಹಾಗೆ, ಚೀಲ ತೊಡೆಯ ಮೇಲೆ. ಅವಳ ಕಣ್ಣು ಅಭ್ಯಾಸದಂತೆ ಮೇಜಿನ ಮೇಲೆಲ್ಲ ಓಡಾಡಿ ಕೆನೆಯ ಹೂಜಿಯ ಮೇಲೆ ನಿಂತಿತು. ಕೇಳದೆಯೇ ಕೈ ಚಾಚಿ ಎತ್ತಿಕೊಂಡಳು.

"ಇದನ್ನ ಯಾರೋ ತುಂಬಾ ಪ್ರೀತಿಯಿಂದ ಉಜ್ಜಿದಾರೆ" ಎಂದಳು.

"ನನ್ನ ಕೆಲಸದವಳು. ಪ್ರತಿ ಶನಿವಾರ" ಎಂದಳು ಫಿಲಿಪಾ, ಗದ್ದ ಎತ್ತಿ.

"ನೋಡಿದ್ರೆ ಗೊತ್ತಾಗುತ್ತೆ ತಾಯಿ. ಅರ್ಧ ಹೂಜಿ ಸವೆದು ಉಜ್ಜೋ ಬಟ್ಟೆಗೆ ಹೋಗಿದೆ. ಇಲ್ಲಿ ಹೆಸರಿನ ಅಕ್ಷರ ಇತ್ತಲ್ಲ? ಬೆರಳಿಗೆ ಸಿಗುತ್ತೆ, ಕಣ್ಣಿಗೆ ಸಿಗಲ್ಲ. ಇನ್ನೊಂದು ವರ್ಷ ಹೀಗೇ ಪ್ರೀತಿ ಮಾಡಿದ್ರೆ ಕೆನೆ ಸೋರುತ್ತೆ."

"ಏನಂದ್ರು?" ಎಂದು ಮಿಸೆಸ್ ಪೆಲ್ಹಮ್ ಜೋರಾಗಿ ಕೇಳಿದಳು.

"ಕೆನೆ ಸೋರುತ್ತಂತೆ!" ಎಂದು ಪಕ್ಕದವಳು ಅವಳ ಕಿವಿಯಲ್ಲಿ ಕೂಗಿದಳು. ಮಿಸೆಸ್ ಪೆಲ್ಹಮ್ ಮೊದಲು ನಕ್ಕಳು, ಹಲ್ಲುಕಟ್ಟು ಅಲುಗುವಂತೆ. ಆಮೇಲೆ ಉಳಿದಿಬ್ಬರು. ಅಗಸ್ಟಾ ನಗಲಿಲ್ಲ. ಹೂಜಿಯನ್ನು ಬೋಜೆನಾಳ ಕೈಯಿಂದ ತೆಗೆದುಕೊಂಡು, ಹಾಳೆಯಂತೆ ತೆಳ್ಳಗಾಗಿದ್ದ ಹೊಟ್ಟೆಯ ಮೇಲೆ ಬೆರಳಾಡಿಸಿ, ಅಳಿಸಿಹೋದ ಅಕ್ಷರವನ್ನು ಹುಡುಕಿ, ಮೆಲ್ಲಗೆ ಕೆಳಗಿಟ್ಟಳು.

"ಮಿಸೆಸ್ ಹ್ರುಷ್ಕಾ, ಇನ್ನು ಇದಕ್ಕೆ ಏನು ಮಾಡ್ಬೇಕು?"

"ಬಿಟ್ಬಿಡ್ಬೇಕು. ವರ್ಷಕ್ಕೆ ಎರಡು ಸಲ ಸಾಕು, ಅದೂ ಬೆರಳಿಂದ. ನಮ್ಮ ಲೀದಾಗೆ ಬರುತ್ತೆ. ಅವಳ ಕೈ ನನ್ನ ಕೈಗಿಂತ ಹಗುರ."

"ಹಾಗಾದ್ರೆ ಹೂಜಿನೂ ಇಲ್ಲೇ ಇರ್ಲಿ" ಎಂದಳು ಅಗಸ್ಟಾ. "ಪೆಟ್ಟಿಗೆ ಜೊತೆ." ಫಿಲಿಪಾ ಬಾಯಿ ತೆರೆದಳು. ಅಗಸ್ಟಾ ಅವಳತ್ತ ತಿರುಗಲೂ ಇಲ್ಲ.

ಹೊರಗೆ ಬೀದಿಯ ತಿರುವಿನಲ್ಲಿ ಒಂದೂ ಹತ್ತರ ಬಸ್ಸು ಉಸಿರು ಬಿಟ್ಟು ನಿಂತು ಮತ್ತೆ ಹೊರಟಿತು. ಲುದ್ಮಿಲಾ ಎದ್ದು ನಿಂತು ಸೌಟಿನಿಂದ ಏಡಿಯ ಸೂಪು ಬಡಿಸಿದಳು, ಮೊದಲು ಅಗಸ್ಟಾಗೆ, ಆಮೇಲೆ ಅಮ್ಮನಿಗೆ, ಆಮೇಲೆ ಉಳಿದವರಿಗೆ, ಕೊನೆಗೆ ತನಗೆ. ಕೂತಳು. ಆ ಗುರುವಾರಗಳ ಪದ್ಧತಿ ಒಂದಿತ್ತು: ಮನೆಯೊಡತಿ ತನ್ನ ಚಮಚ ಸೂಪಿಗೆ ಇಳಿಸುವವರೆಗೆ ಬೇರೆ ಯಾರೂ ಇಳಿಸುವಂತಿಲ್ಲ. ಐದು ಚಮಚಗಳು ಎದ್ದು, ಬಟ್ಟಲುಗಳ ಮೇಲೆ ನಿಂತು, ಅವಳ ಕಡೆ ನೋಡಿದವು. ಲುದ್ಮಿಲಾ ತನ್ನದನ್ನು ಮುಟ್ಟಲಿಲ್ಲ.

"ಕೋಟು ಬಿಚ್ಚಮ್ಮ" ಎಂದಳು, ಎಲ್ಲರಿಗೂ, ಮಿಸೆಸ್ ಪೆಲ್ಹಮ್‌ಗೂ ಕೇಳಿಸುವಂತೆ. "ನಾವೇನೂ ಓಡಿಹೋಗಲ್ಲ."

ಬೋಜೆನಾ ಹ್ರುಷ್ಕಾ ಅತ್ತಿತ್ತ ನೋಡಿದಳು. ಆಮೇಲೆ ಮೇಲಿನಿಂದ ಶುರುಮಾಡಿ ಗುಂಡಿ ಬಿಚ್ಚತೊಡಗಿದಳು. ದೊಡ್ಡ ಗುಂಡಿಗಳು, ಬಿಗಿಯಾದ ಕಾಜಗಳು. ಅವಳು ಅವಸರ ಮಾಡಲಿಲ್ಲ. ಬೆಟ್ಟದ ಮೇಲಿನ ಐವರು ಹೆಂಗಸರು ಚಮಚ ಗಾಳಿಯಲ್ಲಿ ಹಿಡಿದುಕೊಂಡು, ಹಸಿದುಕೊಂಡು, ಆರನೆಯ ಗುಂಡಿಯವರೆಗೂ ಕಾದರು.